ಲಿನಕ್ಸ್ ಕಂಪ್ಯೂಟರಿನಲ್ಲಿ ಹಾಡಿಗೆ ಪಕ್ಕವಾದ್ಯ: ಪ್ಲೇ ಒತ್ತಿದರೂ ಸದ್ದು ಬಾರದವರಿಗೆ ಹಂತ ಹಂತದ ಮಾರ್ಗದರ್ಶಿ

“ಸಾಫ್ಟ್‌ವೇರ್ ಹಾಕ್ಕೊಂಡಾಯ್ತು, ಪ್ಲೇ ಒತ್ತಿದ್ರೆ ಗೆರೆ ಓಡುತ್ತೆ, ಸದ್ದು ಮಾತ್ರ ಬರಲ್ಲ.” ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಾಡುಗಾರರಿಂದ, ಶಿವಮೊಗ್ಗದಲ್ಲಿ ಸುಗಮ ಸಂಗೀತ ಕಲಿಯುವವರಿಂದ ಮತ್ತೆ ಮತ್ತೆ ಬರುವ ದೂರು ಇದು. ತಬಲಾದವರು ಸಿಗುವುದು ಕಾರ್ಯಕ್ರಮದ ಹಿಂದಿನ ದಿನ. ಉಳಿದ ದಿನಗಳಲ್ಲಿ ಮನೆಯಲ್ಲೇ ಶ್ರುತಿ, ತಾಳ, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಇಟ್ಟುಕೊಂಡು ಹಾಡಬೇಕು. ಅದಕ್ಕೆ ಬೇಕಾದದ್ದೆಲ್ಲ ಲಿನಕ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಆದರೂ ಬಹಳ ಜನ ಮೊದಲ ಸಂಜೆಯೇ ಕೈಬಿಡುತ್ತಾರೆ.

ಕಾರಣ ಕೆಲಸದ ಕ್ರಮ. ಎಲ್ಲರೂ ಪಕ್ಕವಾದ್ಯದ ಸಾಫ್ಟ್‌ವೇರಿನಿಂದ ಶುರು ಮಾಡಿ ಸ್ಪೀಕರಿನ ಕಡೆಗೆ ಬರುತ್ತಾರೆ. ನಡುವೆ ಎಲ್ಲಿ ಕಡಿದುಹೋಗಿದೆ ಎಂದು ತಿಳಿಯುವುದೇ ಇಲ್ಲ. ಸ್ಪೀಕರಿನಿಂದ ಶುರು ಮಾಡಿ ಹಿಂದಕ್ಕೆ ಹೋಗಬೇಕು: ಸ್ಪೀಕರ್, ಅದಕ್ಕೆ ಸದ್ದು ಕಳಿಸುವ ಸಿಂತ್, ಸಿಂತ್‌ಗೆ ಸ್ವರ ಕಳಿಸುವ ಪ್ಲೇಯರ್, ಕೊನೆಗೆ ಪಕ್ಕವಾದ್ಯ ಬರೆಯುವ ಸಾಫ್ಟ್‌ವೇರ್. ಒಂದು ಹಂತದಲ್ಲಿ ಸದ್ದು ಕಿವಿಗೆ ಬೀಳುವವರೆಗೆ ಮುಂದಿನದಕ್ಕೆ ಕೈ ಹಾಕಬೇಡಿ.

ಬೇಕಾದ ಸಾಮಾನು

ಹಳೆಯ ಲ್ಯಾಪ್‌ಟಾಪ್ ಸಾಕು. 4 ಜಿಬಿ ರ‍್ಯಾಮ್ ಇದ್ದರೆ ಇಲ್ಲಿ ಹೇಳುವ ಎಲ್ಲವೂ ನಡೆಯುತ್ತದೆ. ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಯಾವುದಾದರೂ ಆದೀತು. ನಾನು ಮಿಂಟ್ ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ.

ವೈರ್ ಇರುವ ಹೆಡ್‌ಫೋನ್ ಕಡ್ಡಾಯ. ಬ್ಲೂಟೂತ್ ಹೆಡ್‌ಫೋನಿನಲ್ಲೂ ಸ್ಪೀಕರಿನಲ್ಲೂ ಸದ್ದು ತಡವಾಗಿ ಬರುತ್ತದೆ. ಹಾಡು ಕೇಳುವಾಗ ಅದು ಗೊತ್ತಾಗುವುದಿಲ್ಲ. ಜೊತೆಗೆ ಹಾಡಿ ರೆಕಾರ್ಡ್ ಮಾಡಿದಾಗ ನಿಮ್ಮ ದನಿ ಸಮಕ್ಕೆ (ತಾಳದ ಮೊದಲ ಪೆಟ್ಟಿಗೆ) ಬೀಳುವುದೇ ಇಲ್ಲ. ತಾಳ ತಪ್ಪುತ್ತಿದೆ ಎಂದು ತಮ್ಮನ್ನೇ ಬೈದುಕೊಳ್ಳುವವರು ಮೊದಲು ಬ್ಲೂಟೂತ್ ಬಿಟ್ಟು ನೋಡಲಿ.

ಹಾಕಿಕೊಳ್ಳಬೇಕಾದ ಸಾಫ್ಟ್‌ವೇರ್ ಇಷ್ಟು. ಸದ್ದು ಎಲ್ಲಿಗೆ ಹೋಗುತ್ತಿದೆ ಎಂದು ತೋರಿಸುವ ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್. ಸ್ವರಗಳನ್ನು ಸದ್ದಾಗಿಸುವ ಕ್ಯೂಸಿಂತ್, ಅದರ ಜೊತೆ ಫ್ಲೂಯಿಡ್‌ಆರ್3 ಎಂಬ ಸೌಂಡ್‌ಫಾಂಟ್, ಅಂದರೆ ವಾದ್ಯಗಳ ಸದ್ದಿನ ಮಾದರಿಗಳ ಫೈಲು. ಪರೀಕ್ಷೆಗೆ ವಿಎಂಪಿಕೆ ಎಂಬ ಪರದೆಯ ಕೀಬೋರ್ಡ್. ಸ್ವರಗಳ ಸೂಚನೆ ಮಾತ್ರ ಇರುವ ಮಿಡಿ ಫೈಲು ನುಡಿಸಲು ಡಿಮಿಡಿಪ್ಲೇಯರ್. ಕಾರ್ಡ್ ಪಕ್ಕವಾದ್ಯ ಬರೆಯಲು ಎಂಎಂಎ. ತಾಳಕ್ಕೆ ಹೈಡ್ರೋಜನ್. ಧ್ವನಿಮುದ್ರಣಕ್ಕೆ ಆಡಾಸಿಟಿ. ಒಂದೇ ಸಾಫ್ಟ್‌ವೇರಿಗೆ ಸಾಫ್ಟ್‌ವೇರ್ ಮ್ಯಾನೇಜರ್ ಎರಡು ರೂಪ ತೋರಿಸಿದರೆ ಫ್ಲಾಟ್‌ಪ್ಯಾಕ್ ಬಿಟ್ಟು ಸಿಸ್ಟಂ ಪ್ಯಾಕೇಜನ್ನೇ ಆರಿಸಿ. ಫ್ಲಾಟ್‌ಪ್ಯಾಕ್ ತನ್ನದೇ ಬೇಲಿಯೊಳಗೆ ನಡೆಯುವುದರಿಂದ ಮಿಡಿ ಸಂಪರ್ಕಕ್ಕೂ ಫೈಲು ತೆರೆಯುವುದಕ್ಕೂ ತೊಡಕಾಗಬಹುದು.

ಮನೆಯಲ್ಲಿ ನೆಟ್‌ವರ್ಕ್ ಇಲ್ಲದವರಿಗೆ ಒಂದು ದಾರಿ ಇದೆ. ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರ್ ತೆರೆದು, ಬೇಕಾದ್ದನ್ನೆಲ್ಲ ಗುರುತು ಮಾಡಿ, ಫೈಲ್ ಮೆನುವಿನಲ್ಲಿ ‘ಜನರೇಟ್ ಪ್ಯಾಕೇಜ್ ಡೌನ್‌ಲೋಡ್ ಸ್ಕ್ರಿಪ್ಟ್’ ಒತ್ತಿ. ಬರುವ ಸಣ್ಣ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಪೇಟೆಗೆ ಹೋದಾಗ ಇಂಟರ್‌ನೆಟ್ ಇರುವ ಇನ್ನೊಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಓಡಿಸಿದರೆ ಬೇಕಾದ ಪ್ಯಾಕೇಜುಗಳು ಅಲ್ಲಿ ಇಳಿಯುತ್ತವೆ. ಮನೆಗೆ ತಂದು ಅದೇ ಮೆನುವಿನ ‘ಆ್ಯಡ್ ಡೌನ್‌ಲೋಡೆಡ್ ಪ್ಯಾಕೇಜಸ್’ ಮೂಲಕ ಸೇರಿಸಿ. ಫ್ಲೂಯಿಡ್‌ಆರ್3 ಸೌಂಡ್‌ಫಾಂಟ್ ನೂರು ಎಂಬಿಗಿಂತ ದೊಡ್ಡದು. ಡೇಟಾ ಕಡಿಮೆ ಇದ್ದರೆ ಸದ್ಯಕ್ಕೆ ಟಿಮ್‌ಜಿಎಂ6ಎಂಬಿ ಹಾಕಿಕೊಳ್ಳಿ. ಅದು 6 ಎಂಬಿ ಆಸುಪಾಸು. ವಾದ್ಯದ ನಾದ ಸ್ವಲ್ಪ ತೆಳು, ಅಭ್ಯಾಸಕ್ಕೆ ಅಡ್ಡಿಯಿಲ್ಲ.

ಹಂತ 1: ಸ್ಪೀಕರಿನಿಂದ ಶುರು ಮಾಡಿ

ಬೇರೆಲ್ಲ ಮುಚ್ಚಿ. ಯಾವುದಾದರೂ ಹಾಡಿನ ಎಂಪಿ3 ಫೈಲು ಹಾಕಿ. ಕೇಳಿಸಿತೇ? ಹಾಗಾದರೆ ಹಂತ 2ಕ್ಕೆ ಹೋಗಿ.

ಕೇಳಿಸದಿದ್ದರೆ ಹಾಡು ಓಡುತ್ತಿರುವಾಗಲೇ ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್ ತೆರೆಯಿರಿ. ‘ಔಟ್‌ಪುಟ್ ಡಿವೈಸಸ್’ ಪುಟದಲ್ಲಿ ಒಂದೊಂದು ಸಾಧನದ ಕೆಳಗೂ ಒಂದು ಪಟ್ಟಿ ಇರುತ್ತದೆ, ಸದ್ದು ಹೋಗುತ್ತಿರುವ ಕಡೆಯದು ಕುಣಿಯುತ್ತದೆ. ಎಚ್‌ಡಿಎಂಐ ಕೆಳಗಿನ ಪಟ್ಟಿ ಕುಣಿಯುತ್ತಿದ್ದರೆ ಸದ್ದು ಟಿವಿಯ ದಾರಿ ಹಿಡಿದಿದೆ ಎಂದರ್ಥ. ‘ಪ್ಲೇಬ್ಯಾಕ್’ ಪುಟದಲ್ಲಿ ಅದನ್ನು ‘ಬಿಲ್ಟ್-ಇನ್ ಆಡಿಯೋ’ಗೆ ತಿರುಗಿಸಿ.

ಸರಿಯಾದ ಪಟ್ಟಿಯೇ ಕುಣಿದರೂ ಮೌನವಿದ್ದರೆ ಟರ್ಮಿನಲ್ ತೆರೆದು ಆಲ್ಸಾಮಿಕ್ಸರ್ (alsamixer) ಎಂದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಎಫ್6 ಒತ್ತಿ ಸೌಂಡ್ ಕಾರ್ಡ್ ಆರಿಸಿ. ಕಂಬಗಳ ಕೆಳಗೆ ‘ಎಂಎಂ’ ಎಂದಿದ್ದರೆ ಆ ದಾರಿ ಮುಚ್ಚಿದೆ. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ಎಂ ಒತ್ತಿದರೆ ತೆರೆಯುತ್ತದೆ. ಮಾಸ್ಟರ್, ಹೆಡ್‌ಫೋನ್, ಸ್ಪೀಕರ್ ಮೂರನ್ನೂ ನೋಡಿ. ಎಸ್ಕೇಪ್ ಒತ್ತಿ ಹೊರಬನ್ನಿ.

ಹಂತ 2: ಕ್ಯೂಸಿಂತ್‌ಗೆ ವಾದ್ಯ ಕೊಡಿ

ಇಲ್ಲೇ ಅತಿ ಹೆಚ್ಚು ಜನ ಎಡವುವುದು. ಮಿಡಿ ಫೈಲಿನಲ್ಲಿ ಸದ್ದಿಲ್ಲ. ಅದು ಸ್ವರಲಿಪಿ ಬರೆದ ಹಾಳೆ ಇದ್ದ ಹಾಗೆ: ಯಾವ ಸ್ವರ, ಯಾವಾಗ, ಎಷ್ಟು ಜೋರು, ಯಾವ ವಾದ್ಯ ಎಂಬ ಸೂಚನೆ ಮಾತ್ರ. ಆ ಸೂಚನೆಯನ್ನು ಓದಿ ನುಡಿಸುವುದು ಸಿಂತ್, ನುಡಿಸಲು ಅದಕ್ಕೆ ಬೇಕಾದ ವಾದ್ಯಗಳ ಮಾದರಿ ಇರುವುದು ಸೌಂಡ್‌ಫಾಂಟ್‌ನಲ್ಲಿ. ಸೌಂಡ್‌ಫಾಂಟ್ ಕೊಡದ ಸಿಂತ್ ಯಾವ ದೂರನ್ನೂ ಹೇಳದೆ ಸುಮ್ಮನೆ ಕೂರುತ್ತದೆ.

ಕ್ಯೂಸಿಂತ್ ತೆರೆದು ‘ಸೆಟಪ್’ ಒತ್ತಿ. ಮೂರು ಪುಟ ಮುಖ್ಯ.

‘ಮಿಡಿ’ ಪುಟದಲ್ಲಿ ಡ್ರೈವರ್ ಆಲ್ಸಾ ಸೀಕ್ವೆನ್ಸರ್ ಆಗಿರಲಿ. ಪಟ್ಟಿಯಲ್ಲಿ ಆಲ್ಸಾ ರಾ ಎಂಬ ಇನ್ನೊಂದು ಹೆಸರೂ ಇರುತ್ತದೆ, ಅದು ಬೇಡ.

‘ಆಡಿಯೋ’ ಪುಟದಲ್ಲಿ ಡ್ರೈವರ್ ಪಲ್ಸ್‌ಆಡಿಯೋ ಆರಿಸಿ. ಮಿಂಟ್ 22ರಿಂದ ಮತ್ತು ಉಬುಂಟು 22.10ರಿಂದ ಒಳಗೆ ಇರುವುದು ಪೈಪ್‌ವೈರ್ ಎಂಬ ಹೊಸ ಸದ್ದಿನ ವ್ಯವಸ್ಥೆ, ಆದರೂ ಅದು ಪಲ್ಸ್‌ಆಡಿಯೋ ಭಾಷೆಯನ್ನು ಅರ್ಥ ಮಾಡಿಕೊಳ್ಳುವುದರಿಂದ ಈ ಆಯ್ಕೆ ಹಳೆಯದರಲ್ಲೂ ಹೊಸದರಲ್ಲೂ ನಡೆಯುತ್ತದೆ. ಜ್ಯಾಕ್ ಎಂಬ ಇನ್ನೊಂದು ಸದ್ದಿನ ವ್ಯವಸ್ಥೆಯ ಆಯ್ಕೆ ಇದ್ದರೆ, ಜ್ಯಾಕ್ ಸರ್ವರ್ ಬೇರೆಯಾಗಿ ಓಡುತ್ತಿಲ್ಲದವರು ಅದನ್ನು ಮುಟ್ಟಬೇಡಿ. ಅಂತರ್ಜಾಲದ ಹಳೆಯ ಸಲಹೆಗಳು ಎಲ್ಲದಕ್ಕೂ ಜ್ಯಾಕ್ ಎನ್ನುತ್ತವೆ. ಮನೆ ಅಭ್ಯಾಸಕ್ಕೆ ಅದರ ಅಗತ್ಯವಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

‘ಸೌಂಡ್‌ಫಾಂಟ್ಸ್’ ಪುಟದಲ್ಲಿ ‘ಓಪನ್’ ಒತ್ತಿ. ಫೈಲ್ ಸಿಸ್ಟಂ, ಯುಎಸ್‌ಆರ್, ಶೇರ್, ಸೌಂಡ್ಸ್, ಎಸ್‌ಎಫ್2 ಎಂಬ ಫೋಲ್ಡರುಗಳ ದಾರಿ ಹಿಡಿದು ಹೋಗಿ ಫ್ಲೂಯಿಡ್‌ಆರ್3 ಜಿಎಂ ಫೈಲನ್ನು ಸೇರಿಸಿ. ‘ಓಕೆ’ ಒತ್ತಿದಾಗ ಎಂಜಿನ್ ಮತ್ತೆ ಶುರು ಮಾಡಲೇ ಎಂದು ಕೇಳಿದರೆ ಹೌದು ಎನ್ನಿ. ಇಲ್ಲ ಎಂದರೆ ಹಳೆಯ ಸ್ಥಿತಿಯೇ ಮುಂದುವರಿಯುತ್ತದೆ, ಸದ್ದು ಬರುವುದಿಲ್ಲ.

ಸಂದೇಶಗಳ ಕಿಟಕಿಯಲ್ಲಿ ಥ್ರೆಡ್‌ಗೆ ಹೆಚ್ಚಿನ ಆದ್ಯತೆ ಕೊಡಲಾಗಲಿಲ್ಲ ಎಂಬ ಎಚ್ಚರಿಕೆ ಬಂದರೆ ಗಾಬರಿ ಬೇಡ. ಅದರಿಂದ ಸದ್ದು ನಿಲ್ಲುವುದಿಲ್ಲ. ಆಡಿಯೋ ಡ್ರೈವರ್ ತೆರೆಯಲಾಗಲಿಲ್ಲ ಎಂದು ಬಂದರೆ ಮಾತ್ರ ಆಡಿಯೋ ಪುಟಕ್ಕೆ ಮರಳಿ.

ಹಂತ 3: ಒಂದು ಸ್ವರ ಕೇಳಿಸಿ

ಕ್ಯೂಸಿಂತ್ ತೆರೆದಿರುವಾಗಲೇ ವಿಎಂಪಿಕೆ ತೆರೆಯಿರಿ. ಈ ಕ್ರಮ ತಪ್ಪಿಸಬೇಡಿ. ಕ್ಯೂಸಿಂತ್ ಓಡುತ್ತಿಲ್ಲದಿದ್ದರೆ ಅದರ ಹೆಸರು ಪಟ್ಟಿಯಲ್ಲಿ ಬರುವುದೇ ಇಲ್ಲ. ‘ಎಡಿಟ್’ ಮೆನುವಿನ ‘ಮಿಡಿ ಕನೆಕ್ಷನ್ಸ್’ನಲ್ಲಿ ಔಟ್‌ಪುಟ್ ಡ್ರೈವರ್ ಆಲ್ಸಾ ಮಾಡಿ, ಸಂಪರ್ಕದ ಪಟ್ಟಿಯಿಂದ ‘ಫ್ಲೂಯಿಡ್ ಸಿಂತ್’ ಎಂದು ಶುರುವಾಗುವ ಹೆಸರನ್ನು ಆರಿಸಿ.

ಅದೇ ಪಟ್ಟಿಯಲ್ಲಿ ‘ಮಿಡಿ ಥ್ರೂ’ ಎಂಬ ಹೆಸರು ಸದಾ ಇರುತ್ತದೆ. ಅನೇಕರು ಅದನ್ನೇ ಆರಿಸಿ ಗಂಟೆಗಟ್ಟಲೆ ಹುಡುಕುತ್ತಾರೆ. ಅದಕ್ಕೆ ಕಳಿಸಿದ ಸ್ವರ ತಾನಾಗಿ ಯಾವ ವಾದ್ಯಕ್ಕೂ ತಲುಪುವುದಿಲ್ಲ.

ಈಗ ಪರದೆಯ ಕೀಲಿ ಒತ್ತಿ. ಪಿಯಾನೋ ಕೇಳಿಸಬೇಕು. ಕೇಳಿಸದಿದ್ದರೆ ಕ್ಯೂಸಿಂತ್ ಕಿಟಕಿಯ ಕೆಳಗಿನ ಪುಟ್ಟ ಹಸಿರು ದೀಪ ನೋಡಿ. ಕೀಲಿ ಒತ್ತಿದಾಗ ದೀಪ ಮಿನುಗದಿದ್ದರೆ ಸ್ವರ ಅಲ್ಲಿಗೆ ತಲುಪುತ್ತಿಲ್ಲ, ಸಂಪರ್ಕ ತಪ್ಪಿದೆ. ಮಿನುಗಿಯೂ ಮೌನವಿದ್ದರೆ ಸೌಂಡ್‌ಫಾಂಟ್ ಇಲ್ಲ, ಅಥವಾ ಆಡಿಯೋ ಡ್ರೈವರ್ ತಪ್ಪು. ಈ ಒಂದು ದೀಪವನ್ನು ಓದಲು ಕಲಿತರೆ ಅರ್ಧ ಸಮಸ್ಯೆ ನೀವೇ ಬಿಡಿಸುತ್ತೀರಿ.

ಸದ್ದು ಬಂದರೂ ಚಟಪಟ ಎನ್ನುತ್ತಿದ್ದರೆ ಕ್ಯೂಸಿಂತ್‌ನ ಆಡಿಯೋ ಪುಟದಲ್ಲಿ ಬಫರ್ ಗಾತ್ರವನ್ನು 256ಕ್ಕೆ, ಸಾಲದಿದ್ದರೆ 512ಕ್ಕೆ ಏರಿಸಿ. ಲ್ಯಾಪ್‌ಟಾಪ್ ಪವರ್ ಸೇವರ್‌ನಲ್ಲಿದ್ದರೆ ಅದನ್ನೂ ತೆಗೆಯಿರಿ. ಸದ್ದು ಒಡೆದು ಕರ್ಕಶವಾಗಿದ್ದರೆ ಅದು ಬೇರೆ ಕಾಯಿಲೆ: ‘ಗೇನ್’ ಹೆಚ್ಚಾಗಿದೆ, ಇಳಿಸಿ.

ಹಂತ 4: ನಿಮ್ಮ ಶ್ರುತಿ ಕಂಡುಕೊಳ್ಳಿ

ವಿಎಂಪಿಕೆ ತೆರೆದೇ ಇದೆ. ಹಾಡಿನ ಅತಿ ಮೇಲಿನ ಸ್ವರವನ್ನೂ ಅತಿ ಕೆಳಗಿನ ಸ್ವರವನ್ನೂ ಹಾಡಿ, ಎರಡೂ ಸರಾಗವಾಗಿ ಬರುವ ಷಡ್ಜ ಯಾವ ಕೀಲಿಯಲ್ಲಿದೆ ಎಂದು ನೋಡಿ. ಶ್ರುತಿಯನ್ನು ನಾವು ಮನೆ ಲೆಕ್ಕದಲ್ಲಿ ಹೇಳುತ್ತೇವೆ, ಸಾಫ್ಟ್‌ವೇರ್ ಇಂಗ್ಲಿಷ್ ಅಕ್ಷರದಲ್ಲಿ ಹೇಳುತ್ತದೆ. 1 ಮನೆ ಎಂದರೆ ಸಿ, ಒಂದೂವರೆ ಸಿ ಶಾರ್ಪ್, 2 ಡಿ, ಎರಡೂವರೆ ಡಿ ಶಾರ್ಪ್, 3 ಇ, 4 ಎಫ್, ನಾಲ್ಕೂವರೆ ಎಫ್ ಶಾರ್ಪ್, 5 ಜಿ, ಐದೂವರೆ ಜಿ ಶಾರ್ಪ್, 6 ಎ, ಆರೂವರೆ ಎ ಶಾರ್ಪ್, 7 ಬಿ. ಮೂರೂವರೆ ಎಂಬುದಿಲ್ಲ, 3ಕ್ಕೂ 4ಕ್ಕೂ ನಡುವೆ ಕಪ್ಪು ಕೀಲಿ ಇಲ್ಲವಲ್ಲ.

ಎಲ್ಲ ಹಾಡನ್ನೂ ಸಿ ಷಡ್ಜಕ್ಕೇ ಬರೆದಿಟ್ಟು, ನುಡಿಸುವಾಗ ಡಿಮಿಡಿಪ್ಲೇಯರ್‌ನಲ್ಲಿ ಪಿಚ್ ಬದಲಿಸುವುದು ಸುಲಭದ ದಾರಿ. ಒಂದೂವರೆ ಮನೆಗೆ +1, ಎರಡಕ್ಕೆ +2. ಹೆಣ್ಣುದನಿಗೆ ಸಾಮಾನ್ಯವಾಗಿ ಬೇಕಾಗುವ 5 ಮನೆಗೆ +7 ಕೊಡುವ ಬದಲು −5 ಕೊಡಿ, ಐದೂವರೆಗೆ −4, ಆರಕ್ಕೆ −3. ಶ್ರುತಿ ಅದೇ, ಆದರೆ ವಾದ್ಯಗಳು ಕಿರುಚುವುದಿಲ್ಲ. ತಾಳವಾದ್ಯ ಇರುವುದು ಮಿಡಿಯ 10ನೇ ಚಾನೆಲ್‌ನಲ್ಲಿ, ಅದರ ಮೇಲೆ ಪಿಚ್ ಬದಲಾವಣೆ ಆಗುವುದಿಲ್ಲ, ಆಗಬಾರದು ಕೂಡ.

ಹಾರ್ಮೋನಿಯಂಗೆ ಹತ್ತಿರದ ನಾದ ಬೇಕಿದ್ದರೆ ವಾದ್ಯಗಳ ಪಟ್ಟಿಯಲ್ಲಿ 21ನೆಯದು, ರೀಡ್ ಆರ್ಗನ್. ತಂಬೂರಿ ಈ ಪಟ್ಟಿಯಲ್ಲಿಲ್ಲ. ಶ್ರುತಿಪೆಟ್ಟಿಗೆಯನ್ನೇ ನಿಮ್ಮ ಶ್ರುತಿಗೆ ಇಟ್ಟು ಆಡಾಸಿಟಿಯಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿಕೊಳ್ಳುವುದೇ ವಾಸಿ.

ಹಂತ 5: ಎಂಎಂಎಯಲ್ಲಿ ಕಾರ್ಡ್ ಪಕ್ಕವಾದ್ಯ

ಮೊದಲು ಒಂದು ತೀರ್ಮಾನ ಮಾಡಿಕೊಳ್ಳಿ. ಗಿಟಾರ್, ಕೀಬೋರ್ಡ್ ಇಟ್ಟುಕೊಂಡೇ ಸಂಯೋಜಿಸಿದ ಭಾವಗೀತೆಗೆ ಕಾರ್ಡ್ ಹೊಂದುತ್ತದೆ. ರಾಗದ ಗಮಕವೇ ಜೀವವಾಗಿರುವ ದೇವರನಾಮಕ್ಕೆ ಹೊಂದುವುದಿಲ್ಲ. ರಾಗದಲ್ಲಿಲ್ಲದ ಸ್ವರ ಕಾರ್ಡಿನೊಳಗಿಂದ ನುಸುಳಿ ಹಾಡುವವರ ಕಿವಿ ಕೆಡಿಸುತ್ತದೆ. ಅಂಥ ಹಾಡಿಗೆ ಈ ಹಂತ ಬಿಟ್ಟು ನೇರವಾಗಿ ಹಂತ 6ಕ್ಕೆ ಹೋಗಿ. ಮತ್ತೂರು, ಹೊಸಹಳ್ಳಿಯಲ್ಲಿ ಹಾಡುವಂಥ ಗಮಕ, ಅಂದರೆ ಕಾವ್ಯವಾಚನ, ಕಲಿಯುವವರಿಗಂತೂ ಶ್ರುತಿ ಒಂದೇ ಸಾಕು.

ಎಂಎಂಎಗೆ ಕಿಟಕಿ, ಗುಂಡಿ ಇಲ್ಲ. ಒಂದು ಪಠ್ಯ ಫೈಲಿನಲ್ಲಿ ಕಾರ್ಡ್ ಬರೆದು ಕೊಟ್ಟರೆ ಅದು ಬಾಸ್, ಗಿಟಾರ್, ಪಿಯಾನೋ, ಡ್ರಮ್ ಎಲ್ಲ ಸೇರಿದ ಮಿಡಿ ಫೈಲು ಮಾಡಿಕೊಡುತ್ತದೆ. ಟೆಕ್ಸ್ಟ್ ಎಡಿಟರ್ ತೆರೆಯಿರಿ. ಲಿಬ್ರೆಆಫೀಸ್ ರೈಟರ್ ಬೇಡ. ಕೀಬೋರ್ಡ್ ಇಂಗ್ಲಿಷಿಗೆ ತಿರುಗಿದೆಯೇ ನೋಡಿಕೊಳ್ಳಿ. ಇಲ್ಲಿ ಟಿಪ್ಪಣಿಯೂ ಸೇರಿ ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇರಲಿ.

ಮೊದಲ ಸಾಲಿನಲ್ಲಿ ಟೆಂಪೋ, ಒಂದು ಜಾಗ ಬಿಟ್ಟು 84. ಎರಡನೇ ಸಾಲಿನಲ್ಲಿ ಗ್ರೂವ್, ಜಾಗ ಬಿಟ್ಟು ನಡೆಯ ಹೆಸರು: ರುಂಬಾ ಎಂದಿಟ್ಟುಕೊಳ್ಳಿ, ಕಾಗುಣಿತದಲ್ಲಿ ಆರ್ ಆದಮೇಲೆ ಎಚ್ ಇರಲಿ. ಮೂರನೇ ಸಾಲಿನಿಂದ ಕಾರ್ಡ್. ಒಂದು ಸಾಲು ಎಂದರೆ ಒಂದು ಬಾರ್, ನಾಲ್ಕು ಎಣಿಕೆ. ಸಾಲಿನಲ್ಲಿ ಬರೇ ಸಿ ಬರೆದರೆ ನಾಲ್ಕೂ ಎಣಿಕೆ ಅದೇ ಕಾರ್ಡ್. ಸಿ, ಓರೆಗೆರೆ, ಜಿ7, ಓರೆಗೆರೆ ಎಂದು ನಡುವೆ ಜಾಗ ಬಿಟ್ಟು (C / G7 /) ಬರೆದರೆ ಎರಡೆರಡು ಎಣಿಕೆ ಒಂದೊಂದು. ಓರೆಗೆರೆ ಹಿಂದಿನ ಕಾರ್ಡನ್ನು ಮುಂದುವರಿಸುತ್ತದೆ. ಸಾಲಿನ ಕೊನೆಗೆ ನಕ್ಷತ್ರ ಚಿಹ್ನೆ ಮತ್ತು 4 ಹಾಕಿದರೆ ಅದೇ ಬಾರ್ ನಾಲ್ಕು ಸಲ.

ಹೆಸರಿನಲ್ಲಿ ಖಾಲಿ ಜಾಗ ಇಲ್ಲದಂತೆ, ಕೊನೆಗೆ ಚುಕ್ಕಿ ಎಂಎಂಎ ಬರುವಂತೆ ಫೈಲು ಉಳಿಸಿ. ಅದೇ ಫೋಲ್ಡರಿನಲ್ಲಿ ಬಲಗುಂಡಿ ಒತ್ತಿ ‘ಓಪನ್ ಇನ್ ಟರ್ಮಿನಲ್’ ಆರಿಸಿ, ಎಂಎಂಎ ಎಂದು ಸಣ್ಣಕ್ಷರದಲ್ಲಿ ಬರೆದು, ಜಾಗ ಬಿಟ್ಟು ಫೈಲಿನ ಹೆಸರು ಕೊಟ್ಟು ಎಂಟರ್ ಒತ್ತಿ. ಅಲ್ಲೇ ಮಿಡಿ ಫೈಲು ಬರುತ್ತದೆ. ಡಿಮಿಡಿಪ್ಲೇಯರ್‌ನಲ್ಲಿ ತೆರೆದು, ವಿಎಂಪಿಕೆಗೆ ಮಾಡಿದ ಸಂಪರ್ಕವನ್ನೇ ಇದಕ್ಕೂ ಮಾಡಿ ನುಡಿಸಿ.

ಬರುವ ದೋಷಗಳು ಹೆಚ್ಚಾಗಿ ಇವೇ. ಏನೂ ತಯಾರಾಗಲಿಲ್ಲ, ಗ್ರೂವ್ ಹಾಕಿದ್ದೀರಾ ಎಂದು ಕೇಳಿದರೆ ಗ್ರೂವ್ ಸಾಲು ಕಾರ್ಡಿನ ಕೆಳಗೆ ಹೋಗಿದೆ ಅಥವಾ ಬಿಟ್ಟುಹೋಗಿದೆ. ಸಾಲಿನಲ್ಲಿ ಕಾರ್ಡ್ ಹೆಚ್ಚಾಯಿತು ಎಂದರೆ ನಾಲ್ಕು ಎಣಿಕೆಯ ಬಾರಿನಲ್ಲಿ ಐದು ಬರೆದಿದ್ದೀರಿ; ವಾಲ್ಟ್ಜ್ ಗ್ರೂವ್ ಆದರೆ ಮಿತಿ ಮೂರೇ. ಕಾರ್ಡ್ ಹೆಸರು ಗೊತ್ತಿಲ್ಲ ಎಂದರೆ ಮೊದಲ ಅಕ್ಷರ ಸಣ್ಣದಾಗಿದೆ. ಸ್ವರದ ಅಕ್ಷರ ದೊಡ್ಡದು, ಮೈನರ್‌ನ ಎಂ ಸಣ್ಣದು, ಫ್ಲಾಟ್‌ನ ಬಿ ಸಣ್ಣದು. ದೋಷ ಯಾವ ಸಾಲಿನಲ್ಲಿದೆ ಎಂಬ ಸಂಖ್ಯೆಯನ್ನೂ ಅದು ತೋರಿಸುತ್ತದೆ, ಓದದೆ ಕಿಟಕಿ ಮುಚ್ಚಬೇಡಿ.

ಇನ್ನೊಂದು ತಪ್ಪು ಯಂತ್ರಕ್ಕೆ ಕಾಣುವುದಿಲ್ಲ, ಹಾಡುವಾಗ ಮಾತ್ರ ತಿಳಿಯುತ್ತದೆ. ನಮ್ಮ ಎಷ್ಟೋ ಹಾಡು ಸಮದಲ್ಲಿ ಎತ್ತಿಕೊಳ್ಳುವುದಿಲ್ಲ. ಒಂದೆರಡು ಮಾತ್ರೆ ಮೊದಲೋ ಆಮೇಲೋ ಎತ್ತುಗಡೆ. ಮೊದಲ ಕಾರ್ಡನ್ನು ಸಾಹಿತ್ಯದ ಮೊದಲ ಅಕ್ಷರದ ಕೆಳಗೆ ಇಟ್ಟರೆ ಇಡೀ ಹಾಡು ಜಾರುತ್ತದೆ. ಕೈಯಲ್ಲಿ ತಾಳ ಹಾಕಿಕೊಂಡು, ಸಮಕ್ಕೆ ಬೀಳುವ ಅಕ್ಷರಕ್ಕೆ ಕಾಗದದ ಮೇಲೆ ಗುರುತು ಮಾಡಿ, ಬಾರಿನ ಶುರು ಅಲ್ಲಿ ಬರುವಂತೆ ಬರೆಯಿರಿ. ಮುಂಚೆ ಎರಡು ಬಾರ್ ಬರೇ ವಾದ್ಯಕ್ಕೆ ಬಿಡಿ.

ಹಂತ 6: ಹೈಡ್ರೋಜನ್‌ನಲ್ಲಿ ದಾದ್ರಾ, ಕೆಹರ್ವಾ

ಎಂಎಂಎಯ ಜೊತೆ ಬರುವ ನಡೆಗಳು ವಾಲ್ಟ್ಜ್, ರುಂಬಾ, ಸ್ವಿಂಗ್‌ನಂಥವು. ನಮಗೆ ಬೇಕಾದ ದಾದ್ರಾ, ಕೆಹರ್ವಾ ತಾಳಗಳ ತಬಲಾ ಠೇಕಾ (ತಾಳದ ಮೂಲ ನುಡಿಸಾಣಿಕೆ) ಅದರಲ್ಲಿ ಸಿಗದು. ಇದಕ್ಕೆ ಹೈಡ್ರೋಜನ್ ಬೇಕು. ಇದು ತಾನೇ ಸದ್ದು ಮಾಡುತ್ತದೆ, ಕ್ಯೂಸಿಂತ್ ಬೇಕಿಲ್ಲ. ತೆರೆದೊಡನೆ ‘ಆಪ್ಷನ್ಸ್’ ಮೆನುವಿನ ‘ಪ್ರಿಫರೆನ್ಸಸ್’ಗೆ ಹೋಗಿ ಆಡಿಯೋ ಸಿಸ್ಟಂ ಪುಟದಲ್ಲಿ ಪಲ್ಸ್‌ಆಡಿಯೋ ಆರಿಸಿ. ಜ್ಯಾಕ್ ಇದ್ದರೆ ಶುರುವಿನಲ್ಲೇ ದೋಷ ತೋರಿಸಬಹುದು.

ಮೊದಲು ಬೋಲ್‌ಗಳ, ಅಂದರೆ ತಬಲಾದ ಒಂದೊಂದು ಪೆಟ್ಟಿನ, ಸದ್ದು ಕೂಡಿಸಬೇಕು. ನಿಮ್ಮ ತಬಲಾದವರು ಮುಂದಿನ ಸಲ ಬಂದಾಗ ಅರ್ಧ ಗಂಟೆ ಕೇಳಿಕೊಳ್ಳಿ. ತಬಲಾವನ್ನು ನಿಮ್ಮ ಶ್ರುತಿಗೆ ಕೂಡಿಸಿ ನಾ, ತಿನ್, ಗೆ, ಕ ಈ ನಾಲ್ಕನ್ನು ಬಿಡಿಬಿಡಿಯಾಗಿ, ನಡುವೆ ನಾದ ಪೂರ್ತಿ ಆರುವಷ್ಟು ಹೊತ್ತು ಬಿಟ್ಟು, ನಾಲ್ಕೈದು ಸಲ ನುಡಿಸಿಸಿ. ಧಾ, ಧಿನ್ ಬೇರೆ ಬೇಕಿಲ್ಲ: ನಾ ಮತ್ತು ಗೆ ಒಟ್ಟಿಗೆ ಬಿದ್ದರೆ ಧಾ, ತಿನ್ ಮತ್ತು ಗೆ ಒಟ್ಟಿಗೆ ಬಿದ್ದರೆ ಧಿನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮನೆಯಲ್ಲಿ ಈ ಕೆಲಸಕ್ಕೆ ಕೂರಬೇಡಿ. ಮಳೆಯ ಸದ್ದು ಒಂದೊಂದು ಬೋಲಿನ ಬಾಲಕ್ಕೂ ಅಂಟಿಕೊಂಡು, ಲೂಪ್ ಆದಾಗ ಮಳೆಯೇ ತಾಳ ಹಾಕಿದಂತೆ ಕೇಳುತ್ತದೆ.

ಆಡಾಸಿಟಿಯಲ್ಲಿ ಒಂದೊಂದು ಬೋಲನ್ನೂ ಕತ್ತರಿಸಿ ಬೇರೆ ಬೇರೆ ವೇವ್ ಫೈಲು ಮಾಡಿ. ಕತ್ತರಿಸುವಾಗ ಹಿಗ್ಗಿಸಿ ನೋಡಿ, ಪೆಟ್ಟು ಬೀಳುವ ಜಾಗದಿಂದಲೇ ಫೈಲು ಶುರುವಾಗಬೇಕು. ಮುಂದೆ ಕೂದಲೆಳೆಯಷ್ಟು ಮೌನ ಉಳಿದರೂ ಆ ಬೋಲ್ ಯಾವಾಗಲೂ ಹಿಂದೆ ಬೀಳುತ್ತದೆ, ಎಷ್ಟು ತಿದ್ದಿದರೂ ಲಯ ಎಳೆದಂತೆ ಇರುತ್ತದೆ. ಹಿಂದಿನ ನಾದವನ್ನು ಮಾತ್ರ ತಾನಾಗಿ ಆರುವವರೆಗೆ ಉಳಿಸಿ.

ಹೈಡ್ರೋಜನ್‌ನಲ್ಲಿ ಹೊಸ ಹಾಡು ತೆರೆದು, ಇರುವ ಡ್ರಮ್‌ಗಳಲ್ಲಿ ನಾಲ್ಕರ ಹೆಸರು ಬದಲಿಸಿ. ಇನ್‌ಸ್ಟ್ರುಮೆಂಟ್ ಎಡಿಟರ್‌ನ ‘ಲೇಯರ್ಸ್’ ಭಾಗದಲ್ಲಿ ಹಳೆಯ ಲೇಯರ್‌ಗಳನ್ನು ಅಳಿಸಿ ನಿಮ್ಮ ಫೈಲು ತುಂಬಿಸಿ. ಅಲ್ಲೇ ಲೇಯರಿನ ಪಿಚ್ ಗುಬ್ಬಿ (ತಿರುಗಿಸುವ ಗುಂಡಿ) ಇದೆ, ಅದರಿಂದ ತಬಲಾವನ್ನು ಅರ್ಧ ಮನೆ ಏರಿಸಿ ಇಳಿಸಬಹುದು. ಎರಡು ಅರ್ಧಮನೆಗಿಂತ ಹೆಚ್ಚು ತಿರುಗಿಸಿದರೆ ಚರ್ಮದ ಸದ್ದು ಹೋಗಿ ಡಬ್ಬದ ಸದ್ದು ಬರುತ್ತದೆ. ಗೆ ಮತ್ತು ಕ ಎರಡಕ್ಕೂ ಒಂದೇ ‘ಮ್ಯೂಟ್ ಗ್ರೂಪ್’ ಸಂಖ್ಯೆ ಕೊಡಿ. ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ಮೇಲೆ ಅಂಗೈ ಬಿದ್ದಾಗ ನಾದ ಕಡಿಯುವಂತೆ, ಕ ಬಿದ್ದೊಡನೆ ಗೆ ನಿಲ್ಲುತ್ತದೆ. ಇದನ್ನು ಬಿಟ್ಟರೆ ಡಗ್ಗಾ ಒಂದೇ ಸಮ ಗುಂಯ್‌ಗುಟ್ಟುತ್ತದೆ, ತಾಳ ಕಲಸಿಹೋಗುತ್ತದೆ.

ದಾದ್ರಾಕ್ಕೆ ಪ್ಯಾಟರ್ನ್ ಗಾತ್ರ 6/8, ರೆಸಲ್ಯೂಷನ್ 8. ಆರು ಅಂಕಣ ಬರುತ್ತದೆ, ಒಂದೊಂದೂ ಒಂದು ಮಾತ್ರೆ. ಠೇಕಾ ಧಾ ಧಿನ್ ನಾ, ಧಾ ತಿನ್ ನಾ. ಹಾಗಾಗಿ ನಾ ಸಾಲಿನಲ್ಲಿ 1, 3, 4, 6. ತಿನ್ ಸಾಲಿನಲ್ಲಿ 2, 5. ಗೆ ಸಾಲಿನಲ್ಲಿ 1, 2, 4.

ಕೆಹರ್ವಾಕ್ಕೆ ಗಾತ್ರ 8/8. ಧಾ ಗೆ ನಾ ತಿ, ನಾ ಕ ಧಿನ್ ನಾ. ನಾ 1, 3, 5, 8ರಲ್ಲಿ, ತಿನ್ 4, 7ರಲ್ಲಿ, ಗೆ 1, 2, 7ರಲ್ಲಿ, ಕ 6ರಲ್ಲಿ. ಏಳು ಮಾತ್ರೆಯ ರೂಪಕ್‌ಗೆ 7/8. ಹದಿನಾರು ಮಾತ್ರೆಯ ತೀನ್‌ತಾಲ್ ಬೇಕಿದ್ದರೆ ಎಂಟೆಂಟರ ಎರಡು ಪ್ಯಾಟರ್ನ್ ಮಾಡಿ ಒಂದಾದಮೇಲೊಂದು ಇಡಿ.

ವೇಗದ ಲೆಕ್ಕದಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಹೈಡ್ರೋಜನ್‌ನ ಬಿಪಿಎಂ (ನಿಮಿಷಕ್ಕೆ ಎಷ್ಟು ಬಡಿತ ಎಂಬ ಸಂಖ್ಯೆ) ಎಣಿಸುವುದು ಕಾಲುಭಾಗದ ಸ್ವರವನ್ನು, ನಾವು ಮಾತ್ರೆಯನ್ನು ಇಟ್ಟಿರುವುದು ಎಂಟನೇ ಒಂದು ಭಾಗಕ್ಕೆ. ಆದ್ದರಿಂದ ಬಿಪಿಎಂ 84 ಎಂದರೆ ನಿಮಿಷಕ್ಕೆ 168 ಮಾತ್ರೆ. ನಿಮಗೆ ನಿಮಿಷಕ್ಕೆ 140 ಮಾತ್ರೆ ಬೇಕಿದ್ದರೆ 70 ಕೊಡಿ.

ಈಗ ನುಡಿಸಿದರೆ ಎಲ್ಲ ಪೆಟ್ಟೂ ಒಂದೇ ಸಮ ಬಿದ್ದು ಹೊಲಿಗೆ ಮೆಷಿನ್ನಿನ ಸದ್ದು ಬರುತ್ತದೆ. ಬಿಟ್ಟುಬಿಡಬೇಡಿ, ಇಲ್ಲಿಂದ ಮುಂದಿನ ಹತ್ತು ನಿಮಿಷವೇ ಸಂಗೀತ. ಪ್ಯಾಟರ್ನ್ ಕೆಳಗಿನ ಕಡ್ಡಿಗಳು ಪೆಟ್ಟಿನ ಜೋರು. ಸಮದ ಕಡ್ಡಿ ಎತ್ತರ ಇರಲಿ, ದಾದ್ರಾದ 4ನೇ ಮಾತ್ರೆ ಅದಕ್ಕಿಂತ ಕಡಿಮೆ, 3 ಮತ್ತು 6 ಇನ್ನೂ ಕಡಿಮೆ. ಕೆಹರ್ವಾದಲ್ಲಿ 5ನೆಯದು ಖಾಲಿ, ಅಂದರೆ ಒತ್ತಿಲ್ಲದ ಮಾತ್ರೆ, ಅಲ್ಲಿ ಗೆ ಇಲ್ಲವೇ ಇಲ್ಲ. ಆ ಖಾಲಿ ಕೇಳಿಸಿದರೆ ಮಾತ್ರ ಹಾಡುವವರಿಗೆ ಆವರ್ತದ (ತಾಳದ ಒಂದು ಸುತ್ತಿನ) ಯಾವ ಜಾಗದಲ್ಲಿದ್ದೇವೆ ಎಂದು ತಿಳಿಯುತ್ತದೆ. ‘ಹ್ಯೂಮನೈಸ್’ ಗುಬ್ಬಿಗಳಲ್ಲಿ ಜೋರಿನದನ್ನು ತುಸು ತಿರುಗಿಸಿ, ಕಾಲದ್ದನ್ನು ಮುಟ್ಟದಿರುವುದು ಕಲಿಯುವವರಿಗೆ ಒಳ್ಳೆಯದು.

ಪ್ಲೇ ಒತ್ತಿದೊಡನೆ ನಿಂತುಹೋಗುತ್ತಿದೆಯೇ? ನೀವು ಸಾಂಗ್ ಮೋಡ್‌ನಲ್ಲಿದ್ದೀರಿ, ಮೇಲಿನ ಸಾಂಗ್ ಎಡಿಟರ್ ಖಾಲಿ ಇದೆ. ಒಂದೇ ಠೇಕಾ ಸುತ್ತಬೇಕಿದ್ದರೆ ಪ್ಯಾಟರ್ನ್ ಮೋಡ್‌ಗೆ ಬನ್ನಿ. ಹಾಡಿನುದ್ದಕ್ಕೂ ಬೇಕಿದ್ದರೆ ಠೇಕಾ ಒಂದು ಪ್ಯಾಟರ್ನ್, ಮುಕ್ತಾಯ ಇನ್ನೊಂದು ಮಾಡಿ, ಪಲ್ಲವಿ ಚರಣಗಳ ಆವರ್ತ ಎಣಿಸಿ ಸಾಂಗ್ ಎಡಿಟರ್‌ನಲ್ಲಿ ಜೋಡಿಸಿ.

ಹಂತ 7: ಕಾರ್ಡ್ ಮತ್ತು ತಬಲಾ ಕೂಡಿಸುವುದು

ಕೆಹರ್ವಾ ಹಾಡಿಗೆ ಇದು ಸುಲಭ. ಎಂಎಂಎಯ ನಾಲ್ಕು ಎಣಿಕೆಯ ಒಂದು ಬಾರೂ ಹೈಡ್ರೋಜನ್‌ನ 8/8ರ ಒಂದು ಆವರ್ತವೂ ಉದ್ದದಲ್ಲಿ ಒಂದೇ. ಎರಡರಲ್ಲೂ ಟೆಂಪೋ ಸಂಖ್ಯೆ ಒಂದೇ ಇರಲಿ. ಡಿಮಿಡಿಪ್ಲೇಯರ್‌ನ ಚಾನೆಲ್‌ಗಳ ಕಿಟಕಿಯಲ್ಲಿ 10ನೆಯದನ್ನು ಮ್ಯೂಟ್ ಮಾಡಿ, ಇಲ್ಲದಿದ್ದರೆ ಡ್ರಮ್ಮೂ ತಬಲಾವೂ ಜಗಳಕ್ಕೆ ಬೀಳುತ್ತವೆ.

ದಾದ್ರಾಕ್ಕೆ ವಾಲ್ಟ್ಜ್ ಹಾಕುವವರಿದ್ದಾರೆ. ಉದ್ದ ಹೊಂದುತ್ತದೆ, ಒತ್ತು ಹೊಂದುವುದಿಲ್ಲ: ವಾಲ್ಟ್ಜ್‌ನ ಒತ್ತು 1, 3, 5ನೇ ಮಾತ್ರೆಗೆ, ದಾದ್ರಾದ ಒತ್ತು 1 ಮತ್ತು 4ಕ್ಕೆ. ಕಲಿಯುವವರು ಇದರ ಜೊತೆ ಹಾಡಿದರೆ ನಡೆಯೇ ಕೆಡುತ್ತದೆ. ದಾದ್ರಾ ಹಾಡಿಗೆ ತಬಲಾ ಮತ್ತು ಶ್ರುತಿ ಮಾತ್ರ ಇಟ್ಟುಕೊಳ್ಳಿ.

ಮಿಡಿಯನ್ನು ಆಡಾಸಿಟಿಗೆ ತರಲು ಸದ್ದನ್ನೇ ಹಿಡಿಯಬೇಕು. ಆಡಾಸಿಟಿಯಲ್ಲಿ ರೆಕಾರ್ಡ್ ಶುರು ಮಾಡಿ, ಪಲ್ಸ್‌ಆಡಿಯೋ ವಾಲ್ಯೂಮ್ ಕಂಟ್ರೋಲ್‌ನ ‘ರೆಕಾರ್ಡಿಂಗ್’ ಪುಟದಲ್ಲಿ ಅದರ ಮೂಲವನ್ನು ‘ಮಾನಿಟರ್ ಆಫ್ ಬಿಲ್ಟ್-ಇನ್ ಆಡಿಯೋ’ ಮಾಡಿ, ಆಮೇಲೆ ಡಿಮಿಡಿಪ್ಲೇಯರ್ ನುಡಿಸಿ. ಆ ಹೊತ್ತಿನಲ್ಲಿ ಬೇರೆ ಯಾವ ಸದ್ದೂ ಬರದಂತೆ ನೋಡಿಕೊಳ್ಳಿ, ಸೂಚನೆಯ ಟಿಂಗ್ ಕೂಡ ಅದರಲ್ಲಿ ಸೇರಿಬಿಡುತ್ತದೆ. ಹೈಡ್ರೋಜನ್‌ಗೆ ಈ ಕಷ್ಟವಿಲ್ಲ, ‘ಎಕ್ಸ್‌ಪೋರ್ಟ್ ಸಾಂಗ್’ ಒತ್ತಿ ವೇವ್ ಆಗಿ ಉಳಿಸಿ ಆಡಾಸಿಟಿಗೆ ತನ್ನಿ. ಎರಡೂ ಟ್ರ್ಯಾಕಿನ ಮೊದಲ ಪೆಟ್ಟು ಒಂದೇ ನೇರದಲ್ಲಿ ಬರುವಂತೆ ಸರಿಸಿ.

ಅದರ ಮೇಲೆ ನಿಮ್ಮ ದನಿ ರೆಕಾರ್ಡ್ ಮಾಡುವ ಮುಂಚೆ ಮೂಲವನ್ನು ಮತ್ತೆ ಮೈಕಿಗೆ ತಿರುಗಿಸಿ, ಹೆಡ್‌ಫೋನ್ ಹಾಕಿಕೊಳ್ಳಿ. ದನಿ ಎಲ್ಲ ಕಡೆ ಒಂದೇ ಅಳತೆಯಲ್ಲಿ ಹಿಂದೆ ಮುಂದೆ ಬಿದ್ದಿದ್ದರೆ ಅದು ಯಂತ್ರದ ವಿಳಂಬ. ಆಡಾಸಿಟಿ ತಾನಾಗಿ 130 ಮಿಲಿಸೆಕೆಂಡ್ ಹಿಂದಕ್ಕೆ ಸರಿಸುತ್ತದೆ. ನಿಮ್ಮ ಕಂಪ್ಯೂಟರಿಗೆ ಅದು ಹೆಚ್ಚೋ ಕಡಿಮೆಯೋ ಆದರೆ ಪ್ರಿಫರೆನ್ಸಸ್‌ನಲ್ಲಿ ‘ಲೇಟೆನ್ಸಿ ಕಾಂಪೆನ್ಸೇಷನ್’ ತಿದ್ದಿ. ಒಂದೊಂದು ಕಡೆ ಒಂದೊಂದು ಥರ ಜಾರಿದ್ದರೆ ಮಾತ್ರ ಅಭ್ಯಾಸ ಹೆಚ್ಚಿಸಬೇಕು.

ರೆಕಾರ್ಡಿಂಗ್ ಪೂರ್ತಿ ಗುಂಯ್ ಎಂಬ ಸದ್ದಿದ್ದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಕರೆಂಟು ಹೋದಾಗ ಇನ್ವರ್ಟರ್ ಮೇಲೆ ನಡೆಯುವ ನಮ್ಮ ಮನೆಗಳಲ್ಲಿ ಈ ಸದ್ದು ಬರುವ ದಾರಿ ಹೆಚ್ಚಾಗಿ ಚಾರ್ಜರೇ. ಗುಡುಗು ಶುರುವಾದರೆ ಚಾರ್ಜರ್, ನೆಟ್ ಕೇಬಲ್, ಆಂಪ್ಲಿಫೈಯರ್‌ನ ವೈರ್ ಮೂರನ್ನೂ ಕಿತ್ತಿಡಿ.

ಹಂತ 8: ಕಾರ್ಯಕ್ರಮಕ್ಕೆ ಒಯ್ಯುವಾಗ

ನವರಾತ್ರಿಯ ಭಜನೆಗೋ ಗಣಪತಿ ಪೆಂಡಾಲಿಗೋ ಹೋಗುವಾಗ ವೇದಿಕೆಯಲ್ಲಿ ಕ್ಯೂಸಿಂತ್ ತೆರೆದು ಸಂಪರ್ಕ ಮಾಡುತ್ತ ಕೂರಬೇಡಿ. ಎಲ್ಲವನ್ನೂ ಮನೆಯಲ್ಲೇ ವೇವ್ ಫೈಲಾಗಿ ಮಾಡಿ, ಎಂಪಿ3 ಪ್ರತಿಯೊಂದನ್ನೂ ಇಟ್ಟುಕೊಳ್ಳಿ. ಪೆನ್‌ಡ್ರೈವ್ ಫ್ಯಾಟ್32 ರೂಪದಲ್ಲಿರಲಿ, ಧ್ವನಿವರ್ಧಕದವರ ಪೆಟ್ಟಿಗೆಗಳು ಅದನ್ನು ಓದುತ್ತವೆ. ಅವೇ ಫೈಲುಗಳು ಫೋನಿನಲ್ಲೂ ಇರಲಿ, ನುಡಿಸುವಾಗ ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ. 3.5 ಮಿಲಿಮೀಟರ್ ಪಿನ್ನಿನ ವೈರನ್ನು ನೀವೇ ಒಯ್ಯಿರಿ.

ಶ್ರುತಿಯ ಫೈಲನ್ನು ತಾಳದ ಜೊತೆ ಕೂಡಿಸದೆ ಬೇರೆಯಾಗಿಯೇ ಇಡಿ, ಸಾಧ್ಯವಾದರೆ ಬೇರೆ ಫೋನಿನಿಂದ ನುಡಿಸಿ. ತಾಳದ ಟ್ರ್ಯಾಕ್ ನಡುವೆ ನಿಂತರೂ ಶ್ರುತಿ ಇದ್ದರೆ ಕೈತಾಳ ಹಾಕಿಕೊಂಡು ಹಾಡು ಮುಗಿಸಬಹುದು.